ನೆಲ ನಡುಗಿದಾಗ ನೀವೇನು ಮಾಡುವಿರಿ?

1967ನೆಯ ಇಸವಿ ಡಿಸೆಂಬರ್ 11, ಸೋಮವಾರ. ಬೆಳಗಿನ ಜಾವ ನಾಲ್ಕು ಗಂಟೆ ದಾಟಿ ಇಪ್ಪತ್ತು ನಿಮಿಷ. ಗೋಕಾಕದ ಓಣಿಗಳಲ್ಲಿ ಎಲ್ಲರೂ ಥಂಡಿಗೆ ಕೌದಿ ಹೊದ್ದು ಮಲಗಿದ್ದ ಹೊತ್ತು. ನಮ್ಮ ಅತ್ತೆಯವರು ಆ ರಾತ್ರಿಯ ಕತೆಯನ್ನು ಎಷ್ಟು ಸಲ ಹೇಳಿದರೂ ಅವರಿಗೆ ಬೇಸರವಿರಲಿಲ್ಲ.

"ನಾಗಂದಿಗಿ ಮ್ಯಾಲಿನ ಭಾಂಡಿ ಕಟಕಟ ಅಂದ್ವು. ಬೆಕ್ಕು ಬಂತೇನೋ ಅಂತ ಮಲಗಿದಲ್ಲಿಂದನ ಹಚಾ ಅಂದೆ. ಕಣ್ಣ ತೆಗದು ನೋಡಿದ್ರ ಖಾಲಿ ತೊಟ್ಟಿಲಾ ತಾನ ತೂಗಾಕತ್ತಿತ್ತು!"

ಮಾವನವರು ಎದ್ದು "ಹೊರಗ ಬರ್‍ರಿ, ಹೊರಗ ಬರ್‍ರಿ" ಎಂದು ಕೂಗಿದರಂತೆ. ಮೈದುನರು ಹಾರಿ ಓಣಿಗೆ ಬಂದರು. ಮಕ್ಕಳೂ ಬಂದವು. ಕಡೆಗೆ ಎಲ್ಲರನ್ನೂ ಎಣಿಸಿ ನೋಡಿದರೆ ಅತ್ತೆಯವರೇ ಇಲ್ಲ! ಅವರು ಒಳಗೆ ಹಾಸಿಗೆ ಹಿಡಿದ ಮುದುಕಿಯನ್ನು ಎಬ್ಬಿಸಿ ಕೂಡಿಸಿ, ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟ ಬಂಗಾರ ಹುಡುಕುತ್ತಿದ್ದರು. ಅದು ಸಿಕ್ಕಮೇಲೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದರು. ಅಷ್ಟರಲ್ಲಿ ನೆಲ ಸುಮ್ಮನಾಗಿತ್ತು. ಗೋಡೆ ನಿಂತಿತ್ತು. ಅದಕ್ಕೇ ಅದು ನಗುವ ಕತೆಯಾಗಿ ಉಳಿಯಿತು.

ಆದರೆ ಅದೇ ನಿಮಿಷದಲ್ಲಿ, ಗೋಕಾಕದಿಂದ ನೇರ ಅಳತೆಯಲ್ಲಿ ಸುಮಾರು 180 ಕಿಲೋಮೀಟರ್ ದೂರದ ಕೊಯ್ನಾನಗರದಲ್ಲಿ ಯಾರೂ ನಗುವಂತಿರಲಿಲ್ಲ. ಅಲ್ಲಿ ಮನೆಗಳು ಕುಸಿದು 180ರ ಆಸುಪಾಸು ಜನ ಸತ್ತರು. ಸಾವಿರಾರು ಜನ ಗಾಯಗೊಂಡರು. ನಮ್ಮ ಕಡೆ ಭಾಂಡಿ ಅಲುಗಾಡಿಸಿದ್ದು ಅದೇ ಭೂಕಂಪ.

ಸೋದರಿಯರೇ, ಈ ಲೇಖನ ನಿಮ್ಮನ್ನು ಹೆದರಿಸುವುದಕ್ಕಲ್ಲ. ಮನೆಯಿಂದ ಯಾವಾಗಲೂ ಕಡೆಗೆ ಹೊರಬೀಳುವವಳು ಮನೆಯಾಕೆಯೇ ಯಾಕೆ ಎಂಬ ಒಂದು ಪ್ರಶ್ನೆ ಕೇಳುವುದಕ್ಕೆ. ಅದನ್ನು ಬದಲಿಸುವುದು ನಮ್ಮ ಕೈಯಲ್ಲೇ ಇದೆ ಎಂದು ಹೇಳುವುದಕ್ಕೆ.

ನಮ್ಮ ಕಡೆ ಭೂಕಂಪ ಆಗುವುದಿಲ್ಲ ಎನ್ನುವಿರಾ?

ಕಿಲ್ಲಾರಿಯವರೂ ಹಾಗೇ ಅಂದುಕೊಂಡಿದ್ದರು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಆ ಊರು, ಆಗಿನ ಸರಕಾರಿ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಮೊದಲನೆಯ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 29ರಂದು ಅನಂತ ಚತುರ್ದಶಿ. ಗಣಪತಿಯನ್ನು ಕಳಿಸಿ, ಕುಣಿದು ದಣಿದು ಜನ ಮನೆಗೆ ಬಂದು ಮಲಗಿದ್ದರು. ಮರುದಿನ ನಸುಕಿನ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ನೆಲ ನಡುಗಿತು. ಎಂಟರಿಂದ ಹತ್ತು ಸಾವಿರ ಜನ ಮಲಗಿದಲ್ಲೇ ಹೋದರು. 52 ಹಳ್ಳಿಗಳನ್ನು ಪೂರ್ತಿಯಾಗಿ ಬೇರೆ ಜಾಗದಲ್ಲಿ ಕಟ್ಟಬೇಕಾಯಿತು.

ಅವರನ್ನು ಕೊಂದದ್ದು ನೆಲವಲ್ಲ, ಮನೆ. ಎರಡು ಅಡಿಗಿಂತ ದಪ್ಪದ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಮೊಣಕಾಲೆತ್ತರದ ಮಣ್ಣು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಗೋಡೆಯ ಒಳಮೈಗೆ ಒಂದು ಸಾಲು ಕಲ್ಲು, ಹೊರಮೈಗೆ ಒಂದು ಸಾಲು, ನಡುವೆ ಬರಿ ಪುಡಿಗಲ್ಲು ಮತ್ತು ಮಣ್ಣು. ಎರಡೂ ಸಾಲುಗಳನ್ನು ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳಿರಲಿಲ್ಲ. ನೆಲ ಅಲುಗಿದಾಗ ಗೋಡೆ ಎರಡು ಸೀಳಾಗಿ ಉಬ್ಬಿ ಬಿತ್ತು. ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ ಬಂತು.

ಈಗ ತಲೆಯೆತ್ತಿ ನಿಮ್ಮ ಮನೆಯ ಮಾಳಿಗೆ ನೋಡಿರಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೆಯ ಓಣಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಇಂಥ ಮನೆಗಳು ಇನ್ನೂ ಎಷ್ಟಿಲ್ಲ! ಮಳೆಗಾಲದ ಮುಂಚೆ ಸೋರದಿರಲೆಂದು ಮೇಲೆ ಮತ್ತಷ್ಟು ಮಣ್ಣು ಹಾಕಿಸುತ್ತೇವೆ. ಹಳೆಯದನ್ನು ಮಾತ್ರ ತೆಗೆಸುವುದಿಲ್ಲ. 2002ರಲ್ಲಿ ಹೊರಬಂದ ಭೂಕಂಪ ನಕ್ಷೆಯಲ್ಲಿ ಬೆಳಗಾವಿ ಸೀಮೆಯನ್ನು ಮೂರನೆಯ ವಲಯಕ್ಕೆ, ಅಂದರೆ ಮಧ್ಯಮ ಅಪಾಯದ ಜಾಗಕ್ಕೆ ಸೇರಿಸಲಾಗಿತ್ತು. ಕಿಲ್ಲಾರಿಗೆ ಕೊಟ್ಟಿದ್ದಕ್ಕಿಂತ ಇದು ಮೇಲಿನ ವಲಯ!

ಮನೆ ಕೆಡವಿ ಕಟ್ಟಿರಿ ಎಂದು ಯಾರೂ ಹೇಳುತ್ತಿಲ್ಲ. ಮುಂದಿನ ಸಲ ಮಾಳಿಗೆ ರಿಪೇರಿಗೆ ಆಳು ಬಂದಾಗ, ಹಳೆಯ ಮಣ್ಣು ಇಳಿಸಿ ಭಾರ ಕಡಿಮೆ ಮಾಡಿಸಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅಲ್ಲಲ್ಲಿ ಕಲ್ಲು ಬಿಚ್ಚಿಸಿ, ಒಳಮೈ ಹೊರಮೈ ಎರಡನ್ನೂ ಹಿಡಿಯುವ ಅಡ್ಡಗಲ್ಲು ಕೂಡಿಸಬಹುದು. ಕಿಲ್ಲಾರಿಯ ನಂತರ ಆ ಭಾಗದಲ್ಲಿ ಉಳಿದ ಮನೆಗಳಿಗೆ ಇಂಥ ರಿಪೇರಿಯನ್ನೇ ಕಲಿಸಿದರು. ತಿಳಿದ ಗೌಂಡಿಯನ್ನು ಕರೆಸಿ ಒಮ್ಮೆ ತೋರಿಸಿರಿ. ಮಾಳಿಗೆಯ ಭಾರವನ್ನು ಮರದ ಕಂಬಗಳೇ ಹೊತ್ತ ಮನೆಯಾದರೆ ಸ್ವಲ್ಪ ಸಮಾಧಾನ. ಗೋಡೆ ಹೊರಗೆ ಬಿದ್ದರೂ ಕಂಬ ಮಾಳಿಗೆಯನ್ನು ಹಿಡಿದಿಡುವ ಸಂಭವ ಹೆಚ್ಚು. ಅಂಥ ಮನೆಯಲ್ಲಿ ಗೋಡೆಗೆ ಹತ್ತಿ ಮಲಗುವುದಕ್ಕಿಂತ ಕಂಬಗಳ ನಡುವೆ ಪಡಸಾಲೆಯಲ್ಲಿ ಮಲಗುವುದು ಮೇಲು.

ಇದಕ್ಕಿಂತ ಸುಲಭದ ಕೆಲಸ ಇವತ್ತೇ ಮಾಡಬಹುದು. ಕೂಸು ಮಲಗುವ ಜಾಗದ ಮೇಲೆ ನಾಗಂದಿಗೆ ಇದೆಯೇ? ಅದರ ಮೇಲಿನ ಹಿತ್ತಾಳೆ ಕೊಡ, ತಾಮ್ರದ ಹಂಡೆ ಕೆಳಗಿಳಿಸಿರಿ. ಎತ್ತರದ ತಿಜೋರಿ ಮಂಚದ ಕಡೆ ಬೀಳುವಂತಿದ್ದರೆ ಸರಿಸಿರಿ, ಗೋಡೆಗೆ ಕಬ್ಬಿಣದ ಪಟ್ಟಿ ಹೊಡೆಸಿ ಬಿಗಿಸಿರಿ. ಬಾಗಿಲ ದಾರಿಯಲ್ಲಿ ಜೋಳದ ಚೀಲ ಒಟ್ಟಬೇಡಿ. ಬಂಗಾರದ ಡಬ್ಬಿಯ ವಿಷಯ ಮುಂದೆ ಹೇಳುತ್ತೇನೆ.

ಮೊದಲ ಅರ್ಧ ನಿಮಿಷ

ಭೂಕಂಪದ ಜೋರು ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ವಿಚಾರ ಮಾಡಲಾಗುವುದಿಲ್ಲ. ಮೊದಲೇ ವಿಚಾರ ಮಾಡಿದ್ದರೆ ಕೈಕಾಲು ತಾವೇ ಕೆಲಸ ಮಾಡುತ್ತವೆ.

ಸಿಮೆಂಟಿನ ಸ್ಲ್ಯಾಬಿನ ಗಟ್ಟಿ ಮನೆಯಲ್ಲಿದ್ದರೆ ಓಡಬೇಡಿ. ಮೆಟ್ಟಿಲಲ್ಲಿ, ಬಾಗಿಲಲ್ಲಿ ಬಿದ್ದು ಪೆಟ್ಟಾಗುವುದೇ ಹೆಚ್ಚು. ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ಕುಕ್ಕರಗಾಲಲ್ಲಿ ಕುಳಿತು ಅದರ ಕಾಲು ಹಿಡಿದುಕೊಳ್ಳಿರಿ. ಏನೂ ಸಿಗದಿದ್ದರೆ ಗಾಜಿನ ಕಿಟಕಿ, ಕಪಾಟುಗಳಿಂದ ದೂರ ಒಳಗೋಡೆಯ ಪಕ್ಕ ಕುಳಿತು ಎರಡೂ ಕೈಯಿಂದ ತಲೆ ಕುತ್ತಿಗೆ ಮುಚ್ಚಿಕೊಳ್ಳಿರಿ.

ಕಲ್ಲುಮಣ್ಣಿನ ಮಾಳಿಗೆ ಮನೆಯಲ್ಲಿದ್ದು, ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದರೆ ಹೊರಬನ್ನಿರಿ. ಬಂದವರು ಗೋಡೆಯ ಬುಡದಲ್ಲಿ ನಿಲ್ಲಬೇಡಿ. ಇಕ್ಕಟ್ಟಿನ ಓಣಿಯಲ್ಲಿ ಎರಡೂ ಕಡೆಯ ಗೋಡೆ ತಲೆಮೇಲೆ ಬರಬಹುದು. ಗುಡಿಯ ಮುಂದಿನ ಬಯಲು, ಸಾಲಿಯ ಅಂಗಳ, ಹಿತ್ತಲು, ಯಾವುದು ಹತ್ತಿರವೋ ಅಲ್ಲಿಗೆ ಹೋಗಿರಿ. ವಿದ್ಯುತ್ ತಂತಿಯ ಕೆಳಗೆ ನಿಲ್ಲಬೇಡಿ. ಬಾಗಿಲು ದೂರವಿದ್ದರೆ ಗಟ್ಟಿ ಮಂಚದ ಕೆಳಗೆ ನುಸುಳಿರಿ.

ಒಲೆಯ ಮುಂದಿದ್ದರೆ, ಕೈಗೆಟುಕುವಂತಿದ್ದರೆ ಮಾತ್ರ ಗ್ಯಾಸ್ ಆರಿಸಿ ಸರಿಯಿರಿ. ಕಾಯಿಸಿದ ಎಣ್ಣೆಯ ಬಾಣಲೆಯನ್ನು ಇಳಿಸುವ ಸಾಹಸ ಬೇಡ. ಅಲುಗಾಟ ನಿಂತಮೇಲೆ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿರಿ. ಗ್ಯಾಸಿನ ವಾಸನೆ ಬಂದರೆ ಕಡ್ಡಿ ಗೀರಬೇಡಿ, ದೇವರ ಮುಂದಿನ ದೀಪವನ್ನೂ ಹಚ್ಚಬೇಡಿ. ಲೈಟಿನ ಗುಂಡಿಯನ್ನೂ ಒತ್ತಬೇಡಿ, ಗುಂಡಿಯ ಒಳಗಿನ ಕಿಡಿಯೇ ಸಾಕು. ಕಿಟಕಿ ಬಾಗಿಲು ತೆರೆದು ಹೊರಬನ್ನಿರಿ.

ಹೊರಬಂದಮೇಲೆ ನಮ್ಮ ಅತ್ತೆಯವರ ಹಾಗೆ ಒಳಗೆ ಹುಡುಕುವುದಕ್ಕೆ ಹೋಗಬೇಡಿ. ದೊಡ್ಡ ಕಂಪನದ ಹಿಂದೆ ಮರುಕಂಪನಗಳು ಬರುತ್ತವೆ. ಮೊದಲನೆಯ ಪೆಟ್ಟಿಗೆ ಸಡಿಲಾದ ಗೋಡೆ ಎರಡನೆಯದಕ್ಕೆ ಬೀಳುತ್ತದೆ.

ಯಾರು ಯಾರನ್ನು ಕರೆತರಬೇಕು?

ಇಲ್ಲೇ ಮುಖ್ಯ ಮಾತಿದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಸತ್ತವರ ಲೆಕ್ಕ ಮಾಡಿದ ಆಕ್ಸ್‌ಫ್ಯಾಮ್ ಸಂಸ್ಥೆಗೆ 2005ರಲ್ಲಿ ಒಂದು ಸಂಗತಿ ಕಾಣಿಸಿತು. ತಮಿಳುನಾಡಿನ ಕಡಲೂರಿನಲ್ಲಿ, ಶ್ರೀಲಂಕೆಯಲ್ಲಿ, ಇಂಡೋನೇಷಿಯಾದ ಆಚೆ ಪ್ರಾಂತದ ಊರೂರುಗಳಲ್ಲಿ ಗಂಡಸರಿಗಿಂತ ಹೆಂಗಸರೇ ಎಷ್ಟೋ ಹೆಚ್ಚು ಸತ್ತಿದ್ದರು. ಈಜು ಬಾರದು, ಮರ ಹತ್ತಲು ಬಾರದು, ಸೀರೆ ಕಾಲಿಗೆ ತೊಡರಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಕ್ಕಳನ್ನೂ ಮುದುಕರನ್ನೂ ಹುಡುಕುತ್ತ ಹಿಂದೆ ಉಳಿದರು.

ನಾವು ಇದನ್ನು ತ್ಯಾಗ ಎಂದು ಹೊಗಳುತ್ತೇವೆ. ನಿಜ, ತಾಯಿ ಕೂಸನ್ನು ಬಿಟ್ಟು ಓಡುವಳೇ? ಆದರೆ ಮನೆಯಲ್ಲಿ ನಾಲ್ಕು ಜನ ಗಟ್ಟಿಯಾಗಿರುವಾಗ ಮೂರು ಮಕ್ಕಳು, ಒಬ್ಬ ಮುದುಕಿ, ಒಂದು ಡಬ್ಬಿ ಎಲ್ಲವೂ ಒಬ್ಬಳ ತಲೆಗೇ ಯಾಕೆ? ಯಾರೂ ಹಂಚಿಕೊಟ್ಟಿಲ್ಲ, ಅದಕ್ಕೇ. ಹಂಚಿರದ ಕೆಲಸವೆಲ್ಲ ಹೆಂಗಸಿನದು ಎಂಬುದು ಹಬ್ಬದಲ್ಲೂ ಉಂಟು, ಆಪತ್ತಿನಲ್ಲೂ ಉಂಟು.

ಇವತ್ತು ರಾತ್ರಿ ಊಟಕ್ಕೆ ಕುಳಿತಾಗ ಹಂಚಿಬಿಡಿ. ದೊಡ್ಡ ಮಗ ಅಜ್ಜಿಯನ್ನು ಹಿಡಿದುಕೊಳ್ಳಬೇಕು. ಯಜಮಾನರು ನಡುವಿನ ಮಗುವನ್ನು ಎತ್ತಿಕೊಳ್ಳಬೇಕು. ನೀವು ಕೂಸನ್ನು. ಮಗಳು ಬಾಗಿಲು ತೆಗೆಯಬೇಕು, ಅವಳೇ ಗಂಟು ತರಬೇಕು. ಎಲ್ಲರೂ ಕೂಡುವ ಜಾಗ ಒಂದೇ ಇರಲಿ, ಬೇವಿನ ಗಿಡವೋ ಗುಡಿಯ ಕಟ್ಟೆಯೋ. ಅಲ್ಲಿ ತಲೆ ಎಣಿಸುವವರು ಯಾರು ಎಂದೂ ಗೊತ್ತುಮಾಡಿರಿ. ಪಕ್ಕದ ಮನೆಯಲ್ಲಿ ಒಬ್ಬಂಟಿ ಮುದುಕಿ ಇದ್ದರೆ ಅವರ ಹೆಸರನ್ನೂ ಲೆಕ್ಕಕ್ಕೆ ಸೇರಿಸಿರಿ.

ಬಾಗಿಲ ಬಳಿಯ ಗಂಟು

ಅತ್ತೆಯವರು ಒಳಗೆ ಉಳಿದದ್ದು ಡಬ್ಬಿಗಾಗಿ. ಆ ಡಬ್ಬಿ ಬಾಗಿಲ ಬಳಿಯ ಕಪಾಟಿನಲ್ಲಿದ್ದರೆ ಉಳಿಯುತ್ತಿರಲಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆ ಅಂಗಡಿಗಳಿಗೆ ನುಗ್ಗಿದಾಗಲೂ ಎಷ್ಟು ಮನೆಗಳಲ್ಲಿ ಕಾಗದಪತ್ರ ಕೆಸರಾದವು! ಭೂಕಂಪಕ್ಕೆ ಕಟ್ಟಿದ ಗಂಟು ಹೊಳೆ ಬಂದಾಗಲೂ ಕೆಲಸಕ್ಕೆ ಬರುತ್ತದೆ.

ಒಂದು ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್, ಮನೆ ಹೊಲದ ಉತಾರ ಇವುಗಳ ನಕಲು ಪ್ರತಿ ಇಡಿರಿ. ಅತ್ತೆ ಮಾವನವರ ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಒಂದು ವಾರಕ್ಕಾಗುವಷ್ಟು ಇರಲಿ, ಹಳೆಯದಾಗುವ ಮೊದಲು ಬದಲಿಸುತ್ತಿರಿ. ಬ್ಯಾಟರಿ, ಸೀಟಿ, ಸ್ವಲ್ಪ ನಗದು, ಕೂಸಿನ ಬಟ್ಟೆ, ತಿಂಗಳಿನ ಬಟ್ಟೆ, ಒಂದು ಚಾದರ, ಮುಚ್ಚಳವಿರುವ ನೀರಿನ ಕ್ಯಾನು. ಅವಶೇಷದೊಳಗೆ ಸಿಕ್ಕಿಬಿದ್ದವರು ಕೂಗಿ ಕೂಗಿ ದಣಿಯುತ್ತಾರೆ, ಸೀಟಿ ಊದುವುದು ಸುಲಭ.

ತಿನ್ನುವುದಕ್ಕೆ ನಾವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ನಮ್ಮ ಅಜ್ಜಿಯರು ದೂರದ ಪ್ರವಾಸಕ್ಕೆ ಕಟ್ಟುತ್ತಿದ್ದ ಬುತ್ತಿಯೇ ಸಾಕು. ಜೋಳದ ಕಡಕ್ ರೊಟ್ಟಿ ನೀರು ತಾಗದಿದ್ದರೆ ವಾರಗಟ್ಟಲೆ ಕೆಡದು. ಶೇಂಗಾ ಹಿಂಡಿ ಎಣ್ಣೆ ಹಾಕದೆ ಒಣದಾಗಿ ಕುಟ್ಟಿದ್ದರೆ ಚೆನ್ನಾಗಿ ಉಳಿಯುತ್ತದೆ. ಹುರಿದ ಅವಲಕ್ಕಿ, ಪುಠಾಣಿ, ಬೆಲ್ಲ. ಮತ್ತೆ ನಮ್ಮ ಕರದಂಟು ಇದ್ದೇ ಇದೆ! ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿ ಬಾಣಂತಿಗೆ ಶಕ್ತಿ ಬರಲೆಂದು ಕೊಡುವ ಈ ಸಿಹಿ, ಒಲೆ ಹೊತ್ತಿಸಲಾಗದ ದಿನ ಎರಡು ತುಂಡು ತಿಂದರೆ ಹೊಟ್ಟೆ ಹಿಡಿಯುತ್ತದೆ. ತಿಂಗಳಿಗೊಮ್ಮೆ ಹಳೆಯದನ್ನು ತಿಂದು ಹೊಸದನ್ನು ಇಡಿರಿ. ಮಕ್ಕಳು ಆ ದಿನವನ್ನು ನೆನಪಿಸಲು ಮರೆಯುವುದಿಲ್ಲ.

ಸಮುದ್ರವೆಲ್ಲಿ, ನಾವೆಲ್ಲಿ?

ಸುನಾಮಿ ಗೋಕಾಕಕ್ಕೆ ಬಾರದು, ನಡುವೆ ಸಹ್ಯಾದ್ರಿ ಇದೆ. ಆದರೆ ನಾವು ರಜೆಗೆ ಗೋಕರ್ಣಕ್ಕೆ, ಮುರ್ಡೇಶ್ವರಕ್ಕೆ, ಗೋವೆಗೆ ಹೋಗುವುದಿಲ್ಲವೆ? ದಂಡೆಯಲ್ಲಿ ಕುಳಿತಾಗ ನೆಲ ಬಹಳ ಹೊತ್ತು ಅಲುಗಿದರೆ, ಇಲ್ಲವೇ ಸಮುದ್ರ ಒಮ್ಮೆಲೇ ಹಿಂದೆ ಸರಿದು ತಳದ ಮರಳು, ಮೀನು ಕಾಣಿಸಿದರೆ, ಅದನ್ನು ನೋಡಲು ಮುಂದೆ ಹೋಗಬೇಡಿ. ಚಪ್ಪಲಿ, ಚೀಲ ಬಿಟ್ಟು ಎತ್ತರದ ಜಾಗಕ್ಕೆ ಓಡಿರಿ. ಮೊದಲನೆಯ ಅಲೆಯೇ ದೊಡ್ಡದು ಎಂದೇನಿಲ್ಲ. ತಾಸುಗಟ್ಟಲೆ ಕೆಳಗೆ ಇಳಿಯಬೇಡಿ.

ಇಂಡೋನೇಷಿಯಾದ ಸಿಮೆಯುಲುವೆ ಎಂಬ ನಡುಗಡ್ಡೆ 2004ರ ಭೂಕಂಪಕ್ಕೆ ತೀರ ಹತ್ತಿರದಲ್ಲಿತ್ತು. ಅಲ್ಲಿದ್ದವರು ಸುಮಾರು 78,000 ಜನ. ಸತ್ತವರು ಏಳೇ ಏಳು ಜನ. 1907ರಲ್ಲಿ ಅಲ್ಲಿ ಬಂದ ಸುನಾಮಿಯ ಕತೆಯನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ, ಜೋಗುಳದಲ್ಲಿ ಹಾಡುತ್ತ ಬಂದಿದ್ದರು. ಅದಕ್ಕೆ ಅವರ ಭಾಷೆಯಲ್ಲಿ 'ಸ್ಮೊಂಗ್' ಎಂದು ಹೆಸರು. ಆ ದಿನ ನೆಲ ನಡುಗಿದ ಕೂಡಲೇ ಯಾರೋ "ಸ್ಮೊಂಗ್" ಎಂದು ಕೂಗಿದರು, ಊರಿಗೆ ಊರೇ ಗುಡ್ಡ ಹತ್ತಿತು. ಹೆಣ್ಣುಮಕ್ಕಳ ಬಾಯಿಮಾತಿಗೆ ಇಷ್ಟು ಬೆಲೆಯಿದೆ!

ಅಣುಸ್ಥಾವರದ ಹೆದರಿಕೆ

ಅದೇ 2004ರ ಸುನಾಮಿಯ ನೀರು ತಮಿಳುನಾಡಿನ ಕಲ್ಪಾಕ್ಕಂ ಅಣು ವಿದ್ಯುತ್ ಸ್ಥಾವರದ ಪಂಪಿನ ಮನೆಗೂ ನುಗ್ಗಿತ್ತು. ನಡೆಯುತ್ತಿದ್ದ ಘಟಕವನ್ನು ಸುರಕ್ಷಿತವಾಗಿ ನಿಲ್ಲಿಸಲಾಯಿತು. ವಿಕಿರಣ ಹೊರಬೀಳಲಿಲ್ಲ. ಆದರೆ ದಂಡೆಯ ಮೇಲಿನ ವಸತಿಯಲ್ಲಿ ಅಲೆಗೆ ಜೀವಗಳು ಹೋದವು.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಹಾಗಾಗಲಿಲ್ಲ. 9ರಷ್ಟು ತೀವ್ರತೆಯ ಭೂಕಂಪ, ಅದರ ಹಿಂದೆ ಸುನಾಮಿ. ಫುಕುಶಿಮಾ ಸ್ಥಾವರದ ಮೇಲೆ ಹದಿನಾಲ್ಕು ಮೀಟರಿಗೂ ಎತ್ತರದ ನೀರು ಬಂತು. ಕರೆಂಟು ಹೋದರೆ ಇರಲೆಂದು ಇಟ್ಟ ಡೀಸೆಲ್ ಜನರೇಟರುಗಳು ಮುಳುಗಿದವು. ತಂಪುಮಾಡುವ ನೀರು ನಿಂತು ಮೂರು ಘಟಕಗಳ ಇಂಧನ ಕರಗಿತು. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ವಿಕಿರಣದ ಪೆಟ್ಟಿಗೆ ಆಗಿಂದಾಗಲೇ ಯಾರೂ ಸಾಯಲಿಲ್ಲ. ಆದರೆ ಆಸ್ಪತ್ರೆ, ವೃದ್ಧಾಶ್ರಮಗಳಿಂದ ಅವಸರದಲ್ಲಿ ಹೊತ್ತೊಯ್ದವರು, ಔಷಧ ಆರೈಕೆ ತಪ್ಪಿದವರು, ಮನೆ ಹೋದ ಕೊರಗಿನವರು, ಹೀಗೆ ಫುಕುಶಿಮಾ ಪ್ರಾಂತದಲ್ಲಿ ಮುಂದಿನ ವರ್ಷಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ಬಹುತೇಕ ಮುದುಕರು.

ನಮಗೆ ಹತ್ತಿರದ ಅಣುಸ್ಥಾವರ ಕಾರವಾರ ತಾಲೂಕಿನ ಕೈಗಾ. ಕಾಳಿ ನದಿಯ ದಂಡೆಯಲ್ಲಿ, ಕಾಡಿನ ನಡುವೆ ಇದೆ, ಸಮುದ್ರದ ದಡದಲ್ಲಿಲ್ಲ. ಗೋಕಾಕದಿಂದ ನೇರ ಅಳತೆಯಲ್ಲಿ ಸುಮಾರು 150 ಕಿಲೋಮೀಟರ್. ಸ್ಥಾವರದ ಸುತ್ತ 16 ಕಿಲೋಮೀಟರಿನ ಒಳಗಿನ ಊರುಗಳಿಗೆ ಆಪತ್ತಿನ ಯೋಜನೆ ಮೊದಲೇ ಇರುತ್ತದೆ. ಆ ಕಡೆ ನಿಮ್ಮ ಮಗಳನ್ನು ಕೊಟ್ಟಿದ್ದರೆ ಅವಳಿಗೆ ಇಷ್ಟು ಹೇಳಿರಿ. ಸೂಚನೆ ಬಂದರೆ ಮನೆಯೊಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಬೇಕು. ತೆರೆದಿಟ್ಟ ನೀರು, ಹಾಲು, ಕಾಯಿಪಲ್ಲೆ ಮುಟ್ಟಬಾರದು. ಹೊರಗಿನಿಂದ ಬಂದವರು ಬಟ್ಟೆ ಬದಲಿಸಿ ಸ್ನಾನ ಮಾಡಬೇಕು. ಹೊರಡಿ ಎಂದಾಗ ಹೊರಡಬೇಕು, ಅದಕ್ಕೆ ಮೊದಲು ಗಾಡಿ ಹತ್ತಿ ದಾರಿ ತುಂಬಿಸಬಾರದು.

ಇನ್ನು ಉಪ್ಪಿನ ಮಾತು. 2011ರಲ್ಲಿ ಫುಕುಶಿಮಾ ಸುದ್ದಿ ಬಂದಾಗ ಚೀನಾದಲ್ಲಿ ಜನ ಅಂಗಡಿಗೆ ಮುಗಿಬಿದ್ದು ಚೀಲಗಟ್ಟಲೆ ಉಪ್ಪು ಕೊಂಡರು. ಅಯೋಡಿನ್ ಉಪ್ಪು ತಿಂದರೆ ವಿಕಿರಣ ತಟ್ಟುವುದಿಲ್ಲ ಎಂಬ ಗಾಳಿಮಾತು. ಲೆಕ್ಕ ಹಾಕಿ ನೋಡೋಣ. ವಿಕಿರಣದ ಸಮಯದಲ್ಲಿ ಕೊರಳಿನ ಥೈರಾಯಿಡ್ ಗ್ರಂಥಿ ಕಾಪಾಡಲು ದೊಡ್ಡವರಿಗೆ ಕೊಡುವ ಗುಳಿಗೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಅಡುಗೆಯ ಉಪ್ಪಿನಲ್ಲಿ ಇರಬೇಕಾದದ್ದು ಕಿಲೋಗೆ ಕನಿಷ್ಠ 15 ಮಿಲಿಗ್ರಾಂ. ಅಂದರೆ ಒಂದು ಗುಳಿಗೆಗೆ ಸಮನಾಗಲು ಆರು ಕಿಲೋಗೂ ಹೆಚ್ಚು ಉಪ್ಪನ್ನು ಒಮ್ಮೆಗೇ ತಿನ್ನಬೇಕು! ವಿಕಿರಣಕ್ಕಿಂತ ಮೊದಲು ಉಪ್ಪೇ ಕೊಂದೀತು. ಆ ಗುಳಿಗೆಯನ್ನೂ ವೈದ್ಯಾಧಿಕಾರಿಗಳು ಹೇಳಿದಾಗ ಮಾತ್ರ ನುಂಗಬೇಕು. ಟಿಂಚರ್ ಅಯೋಡಿನ್ ಅಂತೂ ಗಾಯಕ್ಕೆ ಹಚ್ಚುವ ವಿಷ, ಕುಡಿಯುವ ಮದ್ದಲ್ಲ.

"ಡ್ಯಾಮ್ ಒಡೀತಂತ!"

ನೆಲ ನಡುಗಿದರೆ ನಮ್ಮ ಕಡೆ ಮೊದಲು ಹುಟ್ಟುವ ಗಾಳಿಮಾತು ಇದೇ ಆಗಿರುತ್ತದೆ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯವಿದೆ. ಮಧ್ಯರಾತ್ರಿ ಒಬ್ಬರು ಮೊಬೈಲಿನಲ್ಲಿ ಹಾಕಿದರೆ ಹತ್ತು ನಿಮಿಷದಲ್ಲಿ ಗೋಕಾಕ ಮೂಡಲಗಿ ಎಲ್ಲ ಎದ್ದು ಕೂತೀತು. ಕತ್ತಲಲ್ಲಿ ಓಡಿ ಬಿದ್ದವರಿಗೆ ಯಾರು ಹೊಣೆ?

1967ರಲ್ಲಿ ಭೂಕಂಪ ಕೊಯ್ನಾ ಅಣೆಕಟ್ಟಿನ ಬುಡದಲ್ಲೇ ಆಯಿತು. 103 ಮೀಟರ್ ಎತ್ತರದ ಆ ಕಟ್ಟಿನಲ್ಲಿ ಬಿರುಕು ಬಿಟ್ಟಿತು, ಆದರೆ ಒಡೆಯಲಿಲ್ಲ. ಆಮೇಲೆ ಅದನ್ನು ಗಟ್ಟಿಮಾಡಿದರು. ಆದ್ದರಿಂದ ಸುದ್ದಿ ಕೇಳಿದ ತಕ್ಷಣ ಇನ್ನೊಬ್ಬರಿಗೆ ಕಳಿಸಬೇಡಿ. ಆಕಾಶವಾಣಿ ಕೇಳಿರಿ. ಜಿಲ್ಲೆಯ ಆಪತ್ತಿನ ನಂಬರು 1077, ತುರ್ತು ಸಹಾಯಕ್ಕೆ 112. ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದಿಡಿರಿ. ನದೀತೀರ ಬಿಟ್ಟು ಹೋಗಿ ಎಂದು ಅಧಿಕಾರಿಗಳೇ ಸಾರಿದರೆ ಮಾತ್ರ ತಡಮಾಡಬೇಡಿ.

ನಮ್ಮ ಅತ್ತೆಯವರು ಈಗಿಲ್ಲ. ಆ ಡಬ್ಬಿ ನನ್ನ ಬಳಿ ಇದೆ, ಈಗ ಬಾಗಿಲ ಪಕ್ಕದ ಕಪಾಟಿಗೆ ಬಂದಿದೆ. ಮೊನ್ನೆ ಮನೆಯಲ್ಲಿ ಎಲ್ಲರಿಗೂ ಕೆಲಸ ಹಂಚಿದಾಗ ನಮ್ಮವರು ನಕ್ಕರು. "ಇದೇನಾ ಇದು, ಮಿಲಿಟರಿ ಮಾಡೀಯಲ್ಲ ಮನೀನ!" ಎಂದರು. ಮೊಮ್ಮಗ ಮಾತ್ರ ಗಂಭೀರವಾಗಿ ಕೇಳಿದ: "ಎಲ್ಲಾರ್‍ನೂ ಎಲ್ಲಾರೂ ಕರಕೊಂಡ ಬರ್ತಾರ. ಅಜ್ಜಿ, ನಿನ್ನ ಯಾರ ಕರಕೊಂಡ ಬರ್ತಾರ?"

ಪಟ್ಟಿಯಲ್ಲಿ ಆ ಒಂದು ಹೆಸರು ಬರೆಯುವುದನ್ನು ನಾನೂ ಮರೆತಿದ್ದೆ. ನೀವು ಮರೆಯಬೇಡಿ.